ಸುರಂಗದೊಳಗಣ ಆಪತ್ತು ಮತ್ತು ಪ್ರಯಾಣಿಕನ ವಿವೇಕ

2003ರ ಫೆಬ್ರವರಿ 18ರಂದು ದಕ್ಷಿಣ ಕೊರಿಯದ ಡೇಗು ನಗರದ ಭೂಗತ ರೈಲಿನಲ್ಲಿ ದುಷ್ಕರ್ಮಿಯೊಬ್ಬನು ಹಚ್ಚಿದ ಬೆಂಕಿಗೆ 192 ಜನ ಬಲಿಯಾದರು. ಈ ದುರಂತದಲ್ಲಿ ಮನಸ್ಸನ್ನು ಅತಿಯಾಗಿ ಕಲಕುವ ಸಂಗತಿಯೆಂದರೆ, ಮೊದಲು ಹೊತ್ತಿಕೊಂಡ ಗಾಡಿಯಲ್ಲಿದ್ದವರು ಬಹುಮಟ್ಟಿಗೆ ಹೊರಬಿದ್ದು ಉಳಿದುಕೊಂಡರೆ, ಕೆಲವೇ ನಿಮಿಷಗಳ ತರುವಾಯ ಎದುರಿನ ಹಳಿಯ ಮೇಲೆ ಬಂದು ನಿಂತ ಇನ್ನೊಂದು ಗಾಡಿಯವರು, ಕುಳಿತಲ್ಲಿಯೇ ಇರಬೇಕೆಂಬ ಸೂಚನೆಯನ್ನು ನಂಬಿ ಕಾದಿದ್ದು, ವಿದ್ಯುತ್ತು ಕಡಿದುಹೋಗಿ, ಚಾಲಕನು ಮುಖ್ಯ ಕೀಲಿಯನ್ನು ತೆಗೆದುಕೊಂಡು ಹೊರಟುಹೋದ ಮೇಲೆ, ಮುಚ್ಚಿದ ಬಾಗಿಲುಗಳ ಒಳಗೆ ಸಿಲುಕಿದರು ಎಂಬುದೇ. ಮೃತರಲ್ಲಿ ಹೆಚ್ಚಿನವರು ಆ ಗಾಡಿಯವರು. ಬಾಗಿಲನ್ನು ಕೈಯಿಂದ ತೆರೆಯುವ ಸಾಧನ ಬೋಗಿಯಲ್ಲಿಯೇ ಇದ್ದಿತು. ಅದನ್ನು ಅರಿತವರು ವಿರಳರಾಗಿದ್ದರು.

ಇದರಿಂದ ಆಜ್ಞಾಪಾಲನೆಯೇ ತಪ್ಪೆಂದು ತೀರ್ಮಾನಿಸುವುದು ಅವಿವೇಕ. ನಮ್ಮ ಬೆಂಗಳೂರಿನ ಮೆಟ್ರೊದಲ್ಲಿ ಹಳಿಯ ಪಕ್ಕದಲ್ಲಿಯೇ 750 ವೋಲ್ಟಿನ ವಿದ್ಯುತ್ತು ಹರಿಯುವ ಮೂರನೆಯ ಹಳಿಯಿರುವುದರಿಂದ, ಹೊಗೆಯಾಗಲಿ ಬೆಂಕಿಯಾಗಲಿ ಇಲ್ಲದೆ ಗಾಡಿಯು ಸುರಂಗದ ನಡುವೆ ನಿಂತಾಗ ಆತುರದಿಂದ ಕೆಳಗೆ ಧುಮುಕುವುದು ಮೃತ್ಯುವನ್ನು ಕೈಬೀಸಿ ಕರೆದಂತೆ. ಆಗ ಬೋಗಿಯೇ ಕ್ಷೇಮವಾದ ತಾಣ. ಆದರೆ ಹೊಗೆ ಕಂಡೊಡನೆ ತುರ್ತು ಗುಂಡಿಯನ್ನು ಒತ್ತಿ ಚಾಲಕನಿಗೆ ತಿಳಿಸಿ, ಹೊಗೆಗೆ ದೂರವಾದ ಬೋಗಿಗೆ ಸರಿದು, ಬಾಯಿಮೂಗುಗಳಿಗೆ ಬಟ್ಟೆ ಹಿಡಿದು, ತಗ್ಗಿ ನಡೆಯಬೇಕು; ಗಾಡಿಯು ನಿಲ್ದಾಣದಲ್ಲಿದ್ದರೆ ಗಂಟುಮೂಟೆಗಳನ್ನು ಅಲ್ಲಿಯೇ ಬಿಟ್ಟು, ಲಿಫ್ಟಿನ ಹಂಬಲವನ್ನು ತೊರೆದು, ಮೆಟ್ಟಿಲುಗಳ ಮೂಲಕ ಹೊರಕ್ಕೆ ನಡೆಯಬೇಕು. ಜ್ವಾಲೆಗಿಂತ ಧೂಮವೇ ಬೇಗನೆ ಪ್ರಾಣ ತೆಗೆಯುವುದೆಂಬುದನ್ನು ಮರೆಯಬಾರದು.

ಯಾವಾಗ ಕಾಯಬೇಕು, ಯಾವಾಗ ಹೊರಡಬೇಕು ಎಂಬ ಈ ವಿವೇಚನೆಯು ಆಪತ್ತಿನ ಗಳಿಗೆಯಲ್ಲಿ ಹುಟ್ಟುವುದಲ್ಲ. ಶಾಂತಿಕಾಲದ ಶಿಕ್ಷಣದಿಂದ ಮಾತ್ರ ಬರತಕ್ಕದ್ದು. ಆದುದರಿಂದ ಮೆಟ್ರೊದ ಆಡಳಿತವು ಸಿಬ್ಬಂದಿಯ ಅಣಕು ಕಾರ್ಯಾಚರಣೆಗಳಲ್ಲಿಯೇ ತೃಪ್ತಿ ಪಡದೆ, ಪ್ರಯಾಣಿಕರನ್ನೂ ಶಾಲಾಮಕ್ಕಳನ್ನೂ ಅವುಗಳಲ್ಲಿ ತೊಡಗಿಸಿ, ಬಾಗಿಲು ತೆರೆಯುವ ಬಗೆಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. ಗಾಡಿ ನಿಂತೊಡನೆ ಕಾರಣವನ್ನು ಮರೆಮಾಚದೆ ಸಾರಬೇಕು. ನಿಜವನ್ನು ತಿಳಿಯದ ಜನರು ಒಂದೋ ದಿಗಿಲಿಗೆ ಬೀಳುವರು, ಇಲ್ಲವೇ ಕಾದು ಕೆಡುವರು. ಡೇಗುವಿನ ಅನಂತರ ಕೊರಿಯನ್ನರು ಬೋಗಿಗಳ ಒಳಭಾಗಕ್ಕೆ ಸುಲಭವಾಗಿ ಬೆಂಕಿ ಹತ್ತದ ವಸ್ತುಗಳನ್ನು ಅಳವಡಿಸಿದರು. ಅವರು ಶೋಕದಿಂದ ಕಲಿತ ಪಾಠವನ್ನು ನಾವು ಶೋಕವಿಲ್ಲದೆ ಕಲಿಯುವ ಅವಕಾಶ ಇನ್ನೂ ಇದೆ. ಅದನ್ನು ಕಳೆದುಕೊಂಡರೆ ಅಪರಾಧವು ಆಡಳಿತಕ್ಕೂ ಪ್ರಯಾಣಿಕರಾದ ನಮಗೂ ಸಮನಾಗಿ ಸಲ್ಲುವುದು.