ಬೇರೆ ಒಲೆಯ ಅಡುಗೆ

ವರ್ಟಿಗೊ ಕಾಮಿಕ್ಸ್ ಓದುವ ನಾಲ್ವರು ಒಂದೆಡೆ ಕೂತರೆ ಕತೆಯ ಚರ್ಚೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮುಗಿಯದೆ ಉಳಿಯುವುದು ಪುಸ್ತಕದ ಚರ್ಚೆ. ‘ಸ್ಯಾಂಡ್‌ಮನ್’ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಹಳೆಯ ಹತ್ತು ಸಂಪುಟಗಳನ್ನೋ, ಬಣ್ಣ ತಿದ್ದಿದ ಹೊಸ ಹತ್ತನ್ನೋ, ದೊಡ್ಡ ಗಾತ್ರದ ಆಬ್ಸಲ್ಯೂಟ್ ಎಡಿಷನ್ನನ್ನೋ, ಟಿಪ್ಪಣಿಗಳಿರುವ ಆವೃತ್ತಿಯನ್ನೋ, ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಸುವ ಆಮ್ನಿಬಸ್ಸನ್ನೋ? ‘ಪ್ರೀಚರ್’ ಒಂಬತ್ತು ಸಂಪುಟಗಳಲ್ಲಿ ಚೆನ್ನೋ, ಆರರಲ್ಲೋ? ಹೊಲಿಗೆ ಹಾಕಿದ್ದಾರೋ, ಬರೀ ಅಂಟೋ? ಎರಡು ಪುಟಕ್ಕೆ ಹರಡಿದ ಚಿತ್ರ ನಡುವಿನ ಮಡಿಕೆಯಲ್ಲಿ ಎಷ್ಟು ನುಂಗಿಹೋಗಿದೆ? ಪಕ್ಕದಲ್ಲಿ ಕೂತು ಕೇಳುವವರಿಗೆ ಇದು ಸೀರೆ ಅಂಗಡಿಯ ಮಾತಿನ ಹಾಗೆ ಕೇಳಿಸೀತು. ಸೆರಗು, ಅಂಚು, ಬಣ್ಣ ಬಿಡುತ್ತದೋ ಇಲ್ಲವೋ.

ಆದರೆ ಈ ಹುಚ್ಚಿಗೆ ಕಾರಣವಿದೆ. 1993ರಲ್ಲಿ ಶುರುವಾದ ವರ್ಟಿಗೊ ಮೂವತ್ತು ವರ್ಷ ದಾಟಿದೆ. ನಡುವೆ ಒಮ್ಮೆ ಸತ್ತು, ಮತ್ತೆ ಹುಟ್ಟಿದೆ. ಅದು ಉಳಿದಿರುವುದೇ ಈ ರಟ್ಟು, ಹೊಲಿಗೆ, ಸಂಪುಟಗಳಲ್ಲಿ. ಹಿಂತಿರುಗಿ ನೋಡುವಾಗ ನನಗನ್ನಿಸುವುದಿಷ್ಟು: ವರ್ಟಿಗೊ ಬದುಕಿದ್ದು ಪುಸ್ತಕದಿಂದ, ಕೆಟ್ಟದ್ದು ಕರಾರಿನಿಂದ. ಕತೆಗಳ ಕೊರತೆ ಅದಕ್ಕೆ ಯಾವತ್ತೂ ಬಂದಿರಲಿಲ್ಲ.

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ದೊಡ್ಡ ಕುಟುಂಬವಾದ ಡಿಸಿ ಕಾಮಿಕ್ಸ್‌ನ ಒಳಗೇ ವರ್ಟಿಗೊ ಬೇರೆ ಒಲೆ ಹೂಡಿತು. ಅದೇ ಸೂರು, ಅದೇ ಖಜಾನೆ, ಆದರೆ ಅಡುಗೆ ಬೇರೆ. ಒಲೆ ಹೂಡಿದಾಕೆ ಕರೆನ್ ಬರ್ಗರ್. 1979ರಲ್ಲಿ ಸಹಾಯಕಿಯಾಗಿ ಸೇರಿದ ಆಕೆಗೆ ಸೂಪರ್‌ಹೀರೋಗಳ ಮೇಲೆ ಹೇಳಿಕೊಳ್ಳುವಂಥ ಮೋಹವಿರಲಿಲ್ಲ. ನನ್ನ ಮಟ್ಟಿಗೆ ಆಕೆಯ ಬಲವೇ ಅದು. ‘ಸ್ವಾಂಪ್ ಥಿಂಗ್’ ಮಾಸಿಕದ ಸಂಪಾದಕತ್ವ ಆಕೆಯ ಕೈಗೆ ಬಂದಾಗ ಅದನ್ನು ಬರೆಯುತ್ತಿದ್ದವನು ಇಂಗ್ಲೆಂಡಿನ ಅಲನ್ ಮೂರ್. 1954ರಿಂದ ಅಮೆರಿಕದ ಕಾಮಿಕ್ಸ್‌ಗಳ ಮುಖಪುಟದ ಮೇಲೆ ಕೂತಿದ್ದ ಕಾಮಿಕ್ಸ್ ಕೋಡ್ ಎಂಬ ಸೆನ್ಸಾರ್ ಮುದ್ರೆಯನ್ನು 1984ರಲ್ಲಿ ಆ ಮಾಸಿಕದ 29ನೆಯ ಸಂಚಿಕೆಗೆ ಕೊಡಲೊಪ್ಪಲಿಲ್ಲ. ಮುದ್ರೆಯಿಲ್ಲದೆಯೇ ಸಂಚಿಕೆ ಹೊರಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆಮೇಲೆ ಬರ್ಗರ್ ಬ್ರಿಟನ್ನಿಗೇ ಹೋಗಿ ಬರಹಗಾರರನ್ನು ಹುಡುಕಿದಳು. ನೀಲ್ ಗೇಮನ್, ಗ್ರಾಂಟ್ ಮಾರಿಸನ್, ಪೀಟರ್ ಮಿಲಿಗನ್, ಜೇಮಿ ಡೆಲಾನೊ. ಥ್ಯಾಚರ್ ಕಾಲದ ಇಂಗ್ಲೆಂಡಿನ ಸಿಟ್ಟು, ಪಂಕ್ ಸಂಗೀತ, ಹಳೆಯ ಪುರಾಣಗಳು, ಹಾಳುಬಿದ್ದ ಊರುಗಳು, ಎಲ್ಲವೂ ಇವರ ಜೊತೆ ಬಂದವು. ಡೆಲಾನೊ ಕೈಯಲ್ಲಿ ಶುರುವಾದ ‘ಹೆಲ್‌ಬ್ಲೇಜರ್’ನ ನಾಯಕ ಜಾನ್ ಕಾನ್‌ಸ್ಟಂಟೈನ್ ಮಾಂತ್ರಿಕನಾದರೂ ಗೆಲ್ಲುವವನಲ್ಲ, ಗೆಳೆಯರನ್ನು ಬಲಿಕೊಟ್ಟು ತಾನು ಉಳಿದು ಸಿಗರೇಟು ಹಚ್ಚುವವನು. ಇಂಥವನನ್ನು ಬ್ಯಾಟ್‌ಮ್ಯಾನ್ ಪಕ್ಕ ಕೂರಿಸುವುದು ಕಷ್ಟ. ಬೇರೆ ಒಲೆ ಬೇಕಾದದ್ದು ಹಾಗೆ.

1993ರ ಆರಂಭದಲ್ಲಿ ಆರು ಹಳೆಯ ಮಾಸಿಕಗಳು ಹೊಸ ಲಾಂಛನದಡಿ ಬಂದವು: ‘ಸ್ಯಾಂಡ್‌ಮನ್’, ‘ಹೆಲ್‌ಬ್ಲೇಜರ್’, ‘ಸ್ವಾಂಪ್ ಥಿಂಗ್’, ‘ಅನಿಮಲ್ ಮ್ಯಾನ್’, ‘ಡೂಮ್ ಪೆಟ್ರೋಲ್’, ‘ಶೇಡ್, ದಿ ಚೇಂಜಿಂಗ್ ಮ್ಯಾನ್’. ಜೊತೆಗೆ ಹೊಸದಾಗಿ ಗೇಮನ್ ಮತ್ತು ಕ್ರಿಸ್ ಬಕಾಲೊ ಅವರ ‘ಡೆತ್: ದಿ ಹೈ ಕಾಸ್ಟ್ ಆಫ್ ಲಿವಿಂಗ್’, ಮಿಲಿಗನ್ ಮತ್ತು ಡಂಕನ್ ಫೆಗ್ರೆಡೊ ಅವರ ‘ಎನಿಗ್ಮಾ’. ಈ ‘ಎನಿಗ್ಮಾ’ ಹುಟ್ಟಬೇಕಿದ್ದುದು, ನಂಬಿದರೆ ನಂಬಿ, ಮಿಕಿ ಮೌಸನ ಡಿಸ್ನಿ ಮನೆಯಲ್ಲಿ. ಟಚ್‌ಮಾರ್ಕ್ ಎಂಬ ಹೆಸರಿನಲ್ಲಿ ಡಿಸ್ನಿ ಯೋಚಿಸಿದ್ದ ದೊಡ್ಡವರ ಕಾಮಿಕ್ಸ್ ಶುರುವಾಗುವ ಮೊದಲೇ ಕೈಬಿಟ್ಟುಹೋಯಿತು. ಗಂಟು ಮೂಟೆ ಸಮೇತ ಕತೆಗಳು ವರ್ಟಿಗೊಗೆ ಬಂದವು.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸೂಪರ್‌ಹೀರೋ ಕಾಮಿಕ್ಸ್ ಎಂದರೆ ಮುಗಿಯದ ಕತೆ. ಬರಹಗಾರ ಹೋದರೆ ಇನ್ನೊಬ್ಬ ಬರುತ್ತಾನೆ, ನಾಯಕ ಸತ್ತರೆ ಆರು ತಿಂಗಳಲ್ಲಿ ಎದ್ದು ಬರುತ್ತಾನೆ. ‘ಸ್ಯಾಂಡ್‌ಮನ್’ ಮಾತ್ರ 1996ರಲ್ಲಿ, 75ನೆಯ ಸಂಚಿಕೆಗೆ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ನಿಂತಿತು. ಗೇಮನ್ ಹೇಳಬೇಕಾದದ್ದು ಮುಗಿದಿತ್ತು. ಕಂಪನಿ ಅದನ್ನು ಬೇರೆಯವರ ಕೈಗೆ ಕೊಟ್ಟು ಎಳೆಯಲಿಲ್ಲ. ಪಾತ್ರದ ಮಾಲೀಕತ್ವ ಕಂಪನಿಯದ್ದೇ ಆಗಿದ್ದಾಗ ಇದು ಸಣ್ಣ ಸಂಗತಿಯಲ್ಲ. ಕತೆಗೆ ಕೊನೆ ಇದೆ ಎಂದಾದ ಮೇಲೆ ಅದನ್ನು ಪುಸ್ತಕ ಮಾಡಬಹುದು, ಬೆನ್ನಿನ ಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಬಹುದು, ಕಾಮಿಕ್ಸ್ ಅಂಗಡಿಯ ಬಾಗಿಲು ತುಳಿಯದ ಓದುಗರಿಗೂ ಸಾಮಾನ್ಯ ಪುಸ್ತಕದಂಗಡಿಯಲ್ಲಿ ಮಾರಬಹುದು. ‘ಪ್ರೀಚರ್’ 66ಕ್ಕೆ, ‘ಟ್ರಾನ್ಸ್‌ಮೆಟ್ರೊಪಾಲಿಟನ್’ 60ಕ್ಕೆ, ‘ವೈ: ದಿ ಲಾಸ್ಟ್ ಮ್ಯಾನ್’ 60ಕ್ಕೆ, ಹೆಸರಿಗೆ ತಕ್ಕಂತೆ ‘100 ಬುಲೆಟ್ಸ್’ ಸರಿಯಾಗಿ 100ಕ್ಕೆ ಮುಗಿದವು. ತಿಂಗಳ ಸಂಚಿಕೆಯ ಮಾರಾಟ ಸೊರಗಿದ್ದರೂ, ಪುಸ್ತಕ ಮಾರಾಟದ ನಂಬಿಕೆಯ ಮೇಲೆ ಎಷ್ಟೋ ಕತೆಗಳು ಕೊನೆಯವರೆಗೂ ನಡೆದವು. ಕನ್ನಡದ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳು ಪುಸ್ತಕವಾಗಿ ಎರಡನೆಯ ಜನ್ಮ ಪಡೆದುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆರಂಭದಲ್ಲಿ ಪ್ರಕಾಶಕರಿಗೂ ಇದರ ಅಂದಾಜು ಇರಲಿಲ್ಲ. 1990ರಲ್ಲಿ ‘ಸ್ಯಾಂಡ್‌ಮನ್’ನ ಮೊದಲ ಪುಸ್ತಕವಾಗಿ ಹೊರಬಂದದ್ದು ‘ದಿ ಡಾಲ್ಸ್ ಹೌಸ್’, ಅಂದರೆ ಕತೆಯ ಎರಡನೆಯ ಭಾಗ! ಮೊದಲ ಭಾಗದ ಪುಸ್ತಕ ಬಂದದ್ದು ಮರುವರ್ಷ. ಮೃತ್ಯುವನ್ನು ಹಸನ್ಮುಖದ ಹುಡುಗಿಯಾಗಿ ತೋರಿಸಿದ ಎಂಟನೆಯ ಸಂಚಿಕೆ ಆಗಿನ ಮುದ್ರಣಗಳಲ್ಲಿ ಎರಡೂ ಪುಸ್ತಕಗಳಲ್ಲಿತ್ತು. ನಾನಂತೂ ಇನ್ನೂ ಎಡವಟ್ಟಾಗಿ ಓದಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕಗಳ ರಾಶಿಯಲ್ಲಿ ಮೊದಲು ಸಿಕ್ಕಿದ್ದು ನಾಲ್ಕನೆಯ ಸಂಪುಟ. ಲೂಸಿಫರ್ ನರಕಕ್ಕೆ ಬೀಗ ಜಡಿದು ಬೀಗದಕೈಯನ್ನು ಮಾಲೆಯ ನಾಯಕನಾದ ಕನಸಿನ ಒಡೆಯನಿಗೆ ಕೊಟ್ಟು ಹೊರಟುಹೋಗುವ ಕತೆ. ಹಿಂದಿನ ಮೂರು ಸಂಪುಟ ಗೊತ್ತಿಲ್ಲದೆಯೂ ರಾತ್ರಿಯಿಡೀ ಓದಿಸಿಕೊಂಡಿತು. ಕಪ್ಪು ಗುಳ್ಳೆಯೊಳಗೆ ಬಿಳಿ ಅಕ್ಷರದಲ್ಲಿ ಮಾತಾಡುವ ಆ ನಾಯಕನ ದನಿ ನನ್ನ ಕಿವಿಗೆ ಕೇಳಿಸಿದ್ದು ಗೇಮನ್ನನಿಂದಲ್ಲ, ಅಕ್ಷರ ಬರೆದ ಟಾಡ್ ಕ್ಲೈನ್‌ನಿಂದ. ಒಬ್ಬೊಬ್ಬ ದೇವತೆಗೂ ಒಂದೊಂದು ಕೈಬರಹ ಕೊಟ್ಟವನಾತ.

ಗೇಮನ್ ಹೆಸರು ಬಂದಮೇಲೆ ಒಂದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 2024ರಿಂದೀಚೆಗೆ ಹಲವು ಮಹಿಳೆಯರು ಆತನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ್ದಾರೆ. ಆತ ಅವನ್ನು ಅಲ್ಲಗಳೆದಿದ್ದಾನೆ. ಓದುಗರಲ್ಲಿ ಕೆಲವರು ಹತ್ತೂ ಸಂಪುಟಗಳನ್ನು ಕಪಾಟಿನಿಂದ ತೆಗೆದರು, ಕೆಲವರು ಬೆನ್ನು ಒಳಮುಖವಾಗಿ ತಿರುಗಿಸಿಟ್ಟರು, ಕೆಲವರು ಚಿತ್ರಕಾರರ ದುಡಿಮೆಯ ಮುಖ ನೋಡಿ ಇಟ್ಟುಕೊಂಡರು. ನನ್ನ ಪ್ರತಿ ಇನ್ನೂ ಕಪಾಟಿನಲ್ಲಿದೆ. ಮೊದಲಿನ ಸಲೀಸಿನಿಂದ ಇನ್ನೊಬ್ಬರ ಕೈಗೆ ಕೊಡುವುದು ಆಗುತ್ತಿಲ್ಲ.

ಪುಸ್ತಕವಾದದ್ದು ಉಳಿಯಿತು ಎಂದರೆ, ಆಗದ್ದು ಅಳಿಯಿತು ಎಂದೂ ಅರ್ಥ. ಅಭಿಮಾನಿಗಳ ಲೆಕ್ಕದ ಪುಸ್ತಕದಲ್ಲಿ ದೊಡ್ಡ ಬಾಕಿ ಇರುವುದು ಇಲ್ಲಿ. ‘ಶೇಡ್, ದಿ ಚೇಂಜಿಂಗ್ ಮ್ಯಾನ್’ 70 ಸಂಚಿಕೆಗಳ ಕತೆ. ಅಮೆರಿಕಕ್ಕೇ ಹಿಡಿದ ಹುಚ್ಚನ್ನು ಹಿಡಿಯಲು ಹೊರಟ ಕವಿಯೊಬ್ಬನದು. ಮೂರು ಸಂಪುಟ ಬಂದು ವರ್ಷಗಟ್ಟಲೆ ಅಲ್ಲೇ ನಿಂತಿತು. 1930ರ ದಶಕದ ನ್ಯೂಯಾರ್ಕಿನಲ್ಲಿ ನಡೆಯುವ ಪತ್ತೇದಾರಿ ಮಾಲೆ ‘ಸ್ಯಾಂಡ್‌ಮನ್ ಮಿಸ್ಟರಿ ಥಿಯೇಟರ್’ ಕೂಡ 70 ಸಂಚಿಕೆ ನಡೆಯಿತು. ಅದರ ಮೊದಲ ಸುತ್ತಿನ ಸಂಪುಟಗಳು ಎಂಟಕ್ಕೆ ನಿಂತವು. ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ಅವರ ‘ಫ್ಲೆಕ್ಸ್ ಮೆಂಟಾಲೊ’ ಬರೀ ನಾಲ್ಕು ಸಂಚಿಕೆ, 1996ರದ್ದು. ಹಳೆಯ ಕಾಮಿಕ್ಸ್‌ಗಳ ಹಿಂಬದಿಯಲ್ಲಿ ಬರುತ್ತಿದ್ದ, ಬಡಕಲು ಹುಡುಗ ಪೈಲ್ವಾನನಾಗುವ ಜಾಹೀರಾತನ್ನು ಅದು ಅಣಕಿಸಿತ್ತು. ಜಾಹೀರಾತಿನ ಒಡೆಯರಾದ ಚಾರ್ಲ್ಸ್ ಅಟ್ಲಾಸ್ ಕಂಪನಿ ಕೋರ್ಟಿಗೆ ಹೋಯಿತು. ತೀರ್ಪು ಡಿಸಿ ಪರವಾಗಿಯೇ ಬಂತು. ಆದರೂ ಪುಸ್ತಕ ಬಂದದ್ದು 2012ರಲ್ಲಿ. ಗೆದ್ದವರು ಹನ್ನೆರಡು ವರ್ಷ ಹೆದರಿ ಕೂತದ್ದು ಏಕೋ.

ಹೆದರಿಕೆಯ ಇನ್ನೊಂದು ಉದಾಹರಣೆ ‘ಶೂಟ್’. ಶಾಲೆಗಳಲ್ಲಿ ಮಕ್ಕಳೇ ಮಕ್ಕಳ ಮೇಲೆ ಗುಂಡು ಹಾರಿಸುವುದರ ಬಗ್ಗೆ ವಾರನ್ ಎಲ್ಲಿಸ್ ಬರೆದ ‘ಹೆಲ್‌ಬ್ಲೇಜರ್’ ಸಂಚಿಕೆ ಅದು. 1999ರಲ್ಲಿ ಕೊಲಂಬೈನ್ ಶಾಲೆಯ ಹತ್ಯಾಕಾಂಡ ನಡೆಯಿತು, ಸಂಚಿಕೆಯನ್ನು ತಡೆಹಿಡಿದರು. ಅಚ್ಚಾಗಿದ್ದು 2010ರಲ್ಲಿ. ದೊಡ್ಡವರ ಓದಿಗೆ ಎಂದು ಮುಖಪುಟದ ಮೇಲೆ ಬರೆದುಕೊಂಡ ಪ್ರಕಾಶನ, ದೊಡ್ಡವರು ಮಾತಾಡಲೇಬೇಕಾದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿತು. ವರ್ಟಿಗೊ ಇತಿಹಾಸದಲ್ಲಿ ನನಗೆ ಸಮಾಧಾನವಿಲ್ಲದ ಪ್ರಸಂಗ ಇದೇ.

ಸಂಪುಟಗಳಲ್ಲಿ ಕಳೆದುಹೋದ ಇನ್ನೊಂದು ವಸ್ತು ಓದುಗರ ಪತ್ರಗಳ ಪುಟ. ತಿಂಗಳ ಸಂಚಿಕೆಯ ಕೊನೆಯಲ್ಲಿ ಜನ ಬರೆದ ಜಗಳ, ಪ್ರೀತಿ, ತಪ್ಪು ಹುಡುಕುವಿಕೆ ಯಾವುದೂ ಪುಸ್ತಕಕ್ಕೆ ಹತ್ತಲಿಲ್ಲ. ಹಳೆಯ ಸಂಚಿಕೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಾಪಾಡುವವರನ್ನು ಕಂಡು ನಗುವವರು ಇದನ್ನು ನೆನಪಿಡಬೇಕು.

ನಮ್ಮ ಕಡೆಯ ಎಳೆಗಳೂ ಈ ಬಟ್ಟೆಯಲ್ಲಿ ಇಲ್ಲದಿಲ್ಲ. 1994ರಲ್ಲಿ ವರ್ಟಿಗೊ ಪುಸ್ತಕವಾಗಿ ತಂದ ‘ರೋಗನ್ ಗೋಶ್’, ಮಿಲಿಗನ್ ಮತ್ತು ಬ್ರೆಂಡನ್ ಮೆಕಾರ್ಥಿ ಅವರದು. ನಮ್ಮ ಪುರಾಣ ಕಾಮಿಕ್ಸ್‌ಗಳ ನೀಲಿ ಮೈ, ಗುಲಾಬಿ ಮೋಡ, ಕರಿ ಹೌಸಿನ ಮೆನು, ಕಿಪ್ಲಿಂಗ್, ಎಲ್ಲವನ್ನೂ ಕಲಸಿ ಮಾಡಿದ ಮಸಾಲೆ. ಮಾರಿಸನ್ನನ ‘ವಿಮಾನರಾಮ’ ಬ್ರಾಡ್‌ಫರ್ಡ್‌ನ ಏಷ್ಯನ್ ಅಂಗಡಿಯ ಹುಡುಗನದು. ಮೂರೇ ಸಂಚಿಕೆ, ತಮಾಷೆ. ಎರಡೂ ಹೊರಗಿನವರ ಕಣ್ಣಿನವೇ. ಆದರೂ ಬಣ್ಣಕ್ಕಾಗಿ ಒಮ್ಮೆ ನೋಡಬೇಕು.

ಇದಕ್ಕಿಂತ ಹತ್ತಿರದ ನಂಟು ‘ಫೇಬಲ್ಸ್’ನದು. ಅಮರ ಚಿತ್ರಕಥೆ 1960ರ ದಶಕದಲ್ಲಿ ಶುರುವಾದಾಗ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ, ಸ್ನೋ ವೈಟ್, ಜ್ಯಾಕ್‌ನ ಅವರೆ ಬಳ್ಳಿಯಂಥ ಪಾಶ್ಚಾತ್ಯ ಕತೆಗಳು. ಅವು ಕನ್ನಡದಲ್ಲಿ ಬಂದವು. ಕೃಷ್ಣ ಬಂದದ್ದು ಹನ್ನೊಂದನೆಯವನಾಗಿ. ಬಿಲ್ ವಿಲಿಂಗ್‌ಹ್ಯಾಮ್ 2002ರಲ್ಲಿ ಶುರು ಮಾಡಿದ ‘ಫೇಬಲ್ಸ್’ನಲ್ಲಿ ಅದೇ ಸ್ನೋ ವೈಟ್, ಅದೇ ಜ್ಯಾಕ್, ಅದೇ ತೋಳ ತಮ್ಮ ನಾಡು ಕಳೆದುಕೊಂಡು ನ್ಯೂಯಾರ್ಕಿನಲ್ಲಿ ನಿರಾಶ್ರಿತರಾಗಿ ಬಾಡಿಗೆ, ವಿಚ್ಛೇದನ, ರಾಜಕೀಯ ಮಾಡಿಕೊಂಡಿದ್ದಾರೆ. 150 ಸಂಚಿಕೆ ನಡೆದು 2015ರಲ್ಲಿ ಮುಗಿಯಿತು. ಮಾರ್ಕ್ ಬಕಿಂಗ್‌ಹ್ಯಾಮ್ ಚಿತ್ರಗಳು ಕೊನೆಯವರೆಗೂ ಕೈಬಿಡುವುದಿಲ್ಲ. ಕತೆ 75ರ ನಂತರ ಸಡಿಲವಾಗುತ್ತದೆ ಎಂಬ ಹಳೆಯ ದೂರಿಗೆ ನನ್ನದೂ ಒಂದು ಸಹಿ.

ಇದೇ ‘ಫೇಬಲ್ಸ್’ 2023ರ ಸೆಪ್ಟೆಂಬರ್‌ನಲ್ಲಿ ಸುದ್ದಿಯಾಯಿತು. ಕಂಪನಿಯ ಜೊತೆ ಕರಾರಿನ ಜಗಳದಿಂದ ರೋಸಿಹೋದ ವಿಲಿಂಗ್‌ಹ್ಯಾಮ್, ಈ ಕೃತಿಯನ್ನು ಸಾರ್ವಜನಿಕರ ಸ್ವತ್ತಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ಘೋಷಿಸಿದ. ಹಕ್ಕು ತನ್ನದೇ ಎಂದು ಡಿಸಿ ಉತ್ತರ ಕೊಟ್ಟಿತು. ವರ್ಟಿಗೊ ಸೊರಗಿದ್ದರ ಕಾರಣ ಈ ಒಂದು ಜಗಳದಲ್ಲೇ ಇದೆ. ತೊಂಬತ್ತರ ದಶಕದಲ್ಲಿ ಬರಹಗಾರನಿಗೆ ಹಕ್ಕಿನಲ್ಲಿ ಪಾಲು ಕೊಡುವ ವರ್ಟಿಗೊ ದೊಡ್ಡ ಆಸರೆ. ಆದರೆ ಇಮೇಜ್ ಕಾಮಿಕ್ಸ್‌ನಂಥವರು ಪಾಲಲ್ಲ, ಪೂರ್ತಿಯೇ ನಿಮ್ಮದು ಎಂದಾಗ, ಬರಹಗಾರರು ಅತ್ತ ನಡೆದರು. ‘ವೈ: ದಿ ಲಾಸ್ಟ್ ಮ್ಯಾನ್’ ಬರೆದ ಬ್ರಯನ್ ಕೆ. ವಾನ್ 2012ರಲ್ಲಿ ‘ಸಾಗಾ’ವನ್ನು ಶುರು ಮಾಡಿದ್ದು ಇಮೇಜ್‌ನಲ್ಲಿ. ಹೊಸ ಸಂಬಂಧ ದೂರವಾಗುತ್ತಿದ್ದಾಗಲೇ ದೊಡ್ಡಮನೆ ತನ್ನ ಹಳೆಯ ಪಾತ್ರೆ ಪಡಗಗಳನ್ನೂ ವಾಪಸು ಕೇಳಿತು. ಸ್ವಾಂಪ್ ಥಿಂಗ್, ಕಾನ್‌ಸ್ಟಂಟೈನ್ ಮರಳಿ ಸೂಪರ್‌ಹೀರೋಗಳ ಪಂಕ್ತಿಗೆ ಹೋದರು. 2013ರಲ್ಲಿ ‘ಹೆಲ್‌ಬ್ಲೇಜರ್’ 300ಕ್ಕೆ ನಿಂತಿತು; ಅದೇ ವರ್ಷ ಬರ್ಗರ್ ಹೊರಟಳು. ಉತ್ತರಾಧಿಕಾರಿ ಶೆಲ್ಲಿ ಬಾಂಡ್ ಹುದ್ದೆಯನ್ನು 2016ರಲ್ಲಿ ತೆಗೆದುಹಾಕಿದರು. 2018ರಲ್ಲಿ ಇಪ್ಪತ್ತೈದರ ಸಂಭ್ರಮಕ್ಕೆಂದು ಹೊಸ ಸುಣ್ಣ ಬಳಿದರು. ಮರುವರ್ಷ ಬಾಗಿಲು ಹಾಕುವ ಪ್ರಕಟಣೆ ಬಂತು.

ಬಾಗಿಲು ಹಾಕಿದ ರೀತಿಯನ್ನು ಗಮನಿಸಿ. ಇನ್ನು ಮುಂದೆ ನಮ್ಮಲ್ಲಿ ಮೂರೇ ವಿಭಾಗ ಎಂದಿತು ಡಿಸಿ: ಮಕ್ಕಳಿಗೆ, ಹದಿಮೂರು ದಾಟಿದವರಿಗೆ, ಹದಿನೇಳು ದಾಟಿದವರಿಗೆ ‘ಬ್ಲ್ಯಾಕ್ ಲೇಬಲ್’. ಎಂಬತ್ತರ ದಶಕದಲ್ಲಿ ಅಲನ್ ಮೂರ್ ಡಿಸಿಯೊಡನೆ ಮುನಿಸಿಕೊಂಡ ಕಾರಣಗಳಲ್ಲಿ ಒಂದು, ಪುಸ್ತಕಕ್ಕೆ ವಯಸ್ಸಿನ ಚೀಟಿ ಅಂಟಿಸುವ ಈ ಯೋಚನೆಯೇ. (ಮುನಿಸಿಕೊಂಡು ಹೋದವನ ‘ವಿ ಫಾರ್ ವೆಂಡೆಟಾ’ ಆಮೇಲೆ ವರ್ಟಿಗೊ ಲಾಂಛನ ಹೊತ್ತೇ ಮಾರಾಟವಾಯಿತು, ಅದು ಬೇರೆ ವಿಷಯ.) ವರ್ಟಿಗೊ ಒಳ್ಳೆಯ ಕಾಲದಲ್ಲಿ ಹೇಳಿದ್ದು ವಯಸ್ಸನ್ನಲ್ಲ, ರುಚಿಯನ್ನು. ಆ ಲಾಂಛನ ಕಂಡರೆ ಬರಹಗಾರ ಯಾರೆಂದು ಗೊತ್ತಿಲ್ಲದೆಯೂ ಪುಸ್ತಕ ಕೈಗೆತ್ತಿಕೊಳ್ಳಬಹುದಿತ್ತು. ‘ಬ್ಲ್ಯಾಕ್ ಲೇಬಲ್’ ಹೇಳಿದ್ದು ಇದರಲ್ಲಿ ಬೈಗುಳ ಇದೆ ಎಂದಷ್ಟೇ.

2024ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನಲ್ಲಿ ವರ್ಟಿಗೊ ಮರಳುತ್ತದೆ ಎಂದು ಡಿಸಿ ಹೇಳಿತು. ಒಳ್ಳೆಯದೇ. ಹೊಸದು ಬರಲಿ. ಆದರೆ ಲಾಂಛನ ಮರಳಿದರೆ ಸಾಲದು. ಬರಹಗಾರನ ಕೈಗೆ ಕೊಡುವ ಕರಾರು ಇಮೇಜ್‌ಗೆ ಸಮನಾಗಿರಬೇಕು. ‘ಸ್ಯಾಂಡ್‌ಮನ್’ಗೆ ಇನ್ನೊಂದು ಹೊಸ ರಟ್ಟು ಹಾಕುವ ಮೊದಲು ಕಪಾಟಿನ ಮೂಲೆಯ ಅರೆಬರೆ ಮಾಲೆಗಳನ್ನು ಪೂರ್ತಿ ಮಾಡಿ, ಕೈಗೆಟುಕುವ ಬೆಲೆಯಲ್ಲಿ ಕೊಡಬೇಕು. ‘ಎನಿಗ್ಮಾ’ವನ್ನು ಮತ್ತೆ ಚೆಂದವಾಗಿ ಮುದ್ರಿಸಿದ್ದು ಡಿಸಿ ಅಲ್ಲ; ಬರ್ಗರ್ ಆಮೇಲೆ ಡಾರ್ಕ್ ಹಾರ್ಸ್‌ನಲ್ಲಿ ಶುರು ಮಾಡಿದ ಬರ್ಗರ್ ಬುಕ್ಸ್.

ಇದನ್ನೆಲ್ಲ ಓದಿ ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ಗೇಮನ್ ಹೆಸರನ್ನೂ ಮೂರ್ ಹೆಸರನ್ನೂ ಹೇಳುವುದಿಲ್ಲ. ಬ್ರೆಜಿಲ್‌ನ ಅವಳಿ ಸೋದರರಾದ ಫಾಬಿಯೊ ಮೂನ್ ಮತ್ತು ಗೇಬ್ರಿಯಲ್ ಬಾ 2010ರಲ್ಲಿ ಮಾಡಿದ ‘ಡೇಟ್ರಿಪ್ಪರ್’ ಹುಡುಕಿ. ಪತ್ರಿಕೆಯಲ್ಲಿ ನಿಧನ ವಾರ್ತೆ ಬರೆಯುವವನೊಬ್ಬನ ಕತೆ. ಬಹುತೇಕ ಅಧ್ಯಾಯ ಅಧ್ಯಾಯಕ್ಕೂ ಬೇರೆ ಬೇರೆ ವಯಸ್ಸಿನಲ್ಲಿ ಅವನು ಸಾಯುತ್ತಾನೆ. ಹತ್ತು ಅಧ್ಯಾಯ, ಒಂದೇ ಪುಸ್ತಕ. ಎರಡನೆಯ ಸಂಪುಟ ಹುಡುಕುವ ಕೆಲಸವಿಲ್ಲ.