ಮುಯ್ಯಾಳಿನ ಋಣ ಮತ್ತು ಮುಕ್ತ ತಂತ್ರಾಂಶ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರು, ಪುಣೆ, ಅಮೆರಿಕೆಗಳಲ್ಲಿ ತಂತ್ರಾಂಶ ತಜ್ಞರಾಗಿದ್ದಾರೆ. ಹೆಮ್ಮೆಯ ಸಂಗತಿಯೇ. ಆದರೆ ಅವರಲ್ಲಿ ಕೆಲವರು ಆಡುವ ಒಂದು ಮಾತನ್ನು ನಾನು ಒಪ್ಪಲಾರೆ: "ಗುರುಗಳೇ, ಮುಕ್ತ ತಂತ್ರಾಂಶಕ್ಕೆ ಪುಕ್ಕಟೆ ದುಡಿದರೆ ನಮಗೇನು ಬಂತು?"

ಬರಬೇಕಾದದ್ದು ಆಗಲೇ ಬಂದಿದೆ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ, ಅನಂತರ ಸಾವಿರಾರು ಜನ ಬೆಳೆಸಿದ ಲಿನಕ್ಸ್ ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲಿದೆ. ಅನ್ನ ಕೊಡುವ ಕಂಪನಿಗಳ ಸರ್ವರುಗಳಲ್ಲಿಯೂ ಬಹುಮಟ್ಟಿಗೆ ಅದೇ ಇದೆ. ನಮ್ಮ ಎರೆಹೊಲಗಳಲ್ಲಿ ಮುಯ್ಯಾಳಿನ ಪದ್ಧತಿಯಿತ್ತು. ಇಂದು ನನ್ನ ಹೊಲದ ಕಳೆ ತೆಗೆಯಲು ನೀವು ಬಂದರೆ, ನಾಳೆ ನಿಮ್ಮ ಸುಗ್ಗಿಗೆ ನಾನು ಬರಬೇಕು. ಆಳು ಪಡೆದು ಮುಯ್ಯಿ ತೀರಿಸದವನನ್ನು ಊರು ಜಾಣನೆಂದು ಕರೆಯುತ್ತಿರಲಿಲ್ಲ.

"ಕನ್ನಡಕ್ಕೆ ಉಚಿತ ತಂತ್ರಾಂಶಗಳು ಇವೆಯಲ್ಲ" ಎಂಬುದು ಇನ್ನೊಂದು ಸಬೂಬು. ಉಚಿತ ಬೇರೆ, ಮುಕ್ತ ಬೇರೆ. ಉಚಿತವಾದದ್ದಕ್ಕೆ ಬೆಲೆಯಿಲ್ಲ, ಅಷ್ಟೇ. ಮುಕ್ತವಾದದ್ದರ ಮೂಲವನ್ನು ಯಾರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಯುನಿಕೋಡ್ ರೂಢಿಗೆ ಬರುವ ಮುನ್ನ ಒಂದು ತಂತ್ರಾಂಶದಲ್ಲಿ ಬೆರಳಚ್ಚಿಸಿದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಅಂಥ ಬರಹಗಳನ್ನು ಉಳಿಸುವ ಪರಿವರ್ತಕಗಳನ್ನು ರಚಿಸಿ ಮುಕ್ತವಾಗಿ ಹಂಚಿದವರಲ್ಲಿ ಕನ್ನಡದ ಸ್ವಯಂಸೇವಕರಿದ್ದಾರೆ. 'ಗುಬ್ಬಿ', 'ನವಿಲು' ಎಂಬ ಮುಕ್ತ ಅಕ್ಷರಶೈಲಿಗಳೂ ಅಂಥ ದುಡಿಮೆಯ ಫಲವೇ. ಅದಕ್ಕೂ ಮೊದಲೇ ಶ್ರೀ ಕೆ.ಪಿ. ರಾವ್ ಅವರು ತಾವು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಸ್ವಂತ ಸ್ವತ್ತೆನ್ನದೆ ಕನ್ನಡಿಗರಿಗೆ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರ ಒಪ್ಪಿದ ವಿನ್ಯಾಸಕ್ಕೆ ಅದೇ ಆಧಾರವಾಯಿತು. ಅವರು "ನನಗೇನು ಬಂತು?" ಎಂದು ಕೇಳಿದ್ದರೆ?

"ನನಗೆ ಪ್ರೋಗ್ರಾಮ್ ಬರೆಯಲು ಬಾರದು" ಎನ್ನುವ ಶಿಕ್ಷಕರೂ ಗೃಹಿಣಿಯರೂ ಹಿಂಜರಿಯಬೇಕಿಲ್ಲ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕಾಣುವ ಕನ್ನಡ ಆಕಾಶದಿಂದ ಉದುರಿದ್ದಲ್ಲ. ಒಂದೊಂದು ಸಾಲನ್ನೂ ಯಾರೋ ಕುಳಿತು ಅನುವಾದಿಸಿದ್ದಾರೆ. ತಂತ್ರಾಂಶ ಹೊಸದಾದಂತೆ ಹೊಸ ಸಾಲುಗಳು ಬರುತ್ತವೆ. ಅನುವಾದಿಸುವವರಿಲ್ಲದಿದ್ದರೆ ಅವು ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ. ಕಾಗುಣಿತ ಪರೀಕ್ಷಕವೂ ಹಾಗೆಯೇ. ಅದರ ಪದಪಟ್ಟಿಯಲ್ಲಿ ಇಲ್ಲದ ಮಾತು ತಪ್ಪೆಂದು ಕೆಂಪುಗೆರೆ ಪಡೆಯುತ್ತದೆ. ಕೂರಿಗೆ, ರಂಟೆ, ಹಗೇವು, ಹಂತಿ ಎಂಬ ನಮ್ಮ ಸೀಮೆಯ ಮಾತುಗಳು ಆ ಪಟ್ಟಿಯಲ್ಲಿ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸುವ ಹೊಣೆ ಆ ಮಾತು ಬಲ್ಲ ನಮ್ಮದಲ್ಲದೆ ಮತ್ತಾರದು?

ಸರಕಾರ ಮಾಡಲಿ ಎಂದು ಕೈಕಟ್ಟಿ ಕೂರುವುದು ಸುಲಭ. ಸರಕಾರ ಹಣ ಕೊಡಬಹುದು. ಹೊಲದ ಮಾತನ್ನು ಕೊಡಲಾರದು.

ಗಡಿನಾಡಿನಲ್ಲಿ ಕನ್ನಡದ ಹೆಸರು ಬಂದರೆ ನಮ್ಮ ರಕ್ತ ಕುದಿಯುತ್ತದೆ. ನವೆಂಬರ್ 1ರಂದು ಬಾವುಟ ಹಾರಿಸಿ ಘೋಷಣೆ ಕೂಗುತ್ತೇವೆ. ಕೂಗೋಣ. ಆದರೆ ಉಳಿದ ದಿನಗಳಲ್ಲಿ ವಾರಕ್ಕೊಂದು ಗಂಟೆ ಹತ್ತು ಸಾಲು ಅನುವಾದಿಸದ, ಹತ್ತು ಪದ ಸೇರಿಸದ ಅಭಿಮಾನ ಬರಿಯ ಗಂಟಲಿನ ಅಭಿಮಾನ. ನನ್ನ ವಿದ್ಯಾರ್ಥಿಗಳಿಂದ ನಾನು ಗುರುದಕ್ಷಿಣೆ ಕೇಳಿದವನಲ್ಲ. ಈಗ ಕೇಳುತ್ತಿದ್ದೇನೆ: ಆ ಒಂದು ಗಂಟೆಯನ್ನು ಕೊಡಿರಿ.