ರೊಟ್ಟಿಯ ಬುಟ್ಟಿಯೂ ಫ್ರಿಜ್ಜೂ

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಬದಲಾಯಿತಾದರೂ ಈ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಊಟ ಬದಲಾಗಲಿಲ್ಲ. ಕಲಬುರಗಿಯ ಕಡೆಯಿಂದ ಬರುವ ರೈಲಿನಲ್ಲಿ ಓದುವ ಮಗನಿಗೆಂದು ತಾಯಿ ಬಿಳಿಯ ಬಟ್ಟೆಯಲ್ಲಿ ಕಟ್ಟಿ ಕಳುಹಿಸುವ ಖಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ಇಲ್ಲಿನ ಎಷ್ಟೋ ಮನೆಗಳ ನೆನಪಿನಲ್ಲಿವೆ. ಆ ಗಂಟು ಹದಿನೈದು ದಿನ ಕೆಡದೆ ಇರುತ್ತಿತ್ತು. ಇಂದು ಅದೇ ಮನೆಗಳಲ್ಲಿ ಬೆಲೆಬಾಳುವ ಫ್ರಿಜ್ ಇದೆ. ಆದರೆ ರೊಟ್ಟಿ ಎರಡನೆಯ ದಿನಕ್ಕೇ ಚರ್ಮದಂತಾಗುತ್ತಿದೆ.

ತಪ್ಪನ್ನು ಸಾಮಾನ್ಯವಾಗಿ ಹಿಟ್ಟಿನ ಮೇಲೋ, ತಟ್ಟಿದ ಸೊಸೆಯ ಕೈಗುಣದ ಮೇಲೋ ಹೊರಿಸಲಾಗುತ್ತದೆ. ಬಹುಮಟ್ಟಿಗೆ ಅಪರಾಧಿ ಫ್ರಿಜ್ಜೇ. ಗೋಧಿಯಲ್ಲಿರುವ ಅಂಟಿನ ಅಂಶ ಜೋಳದಲ್ಲಿ ಇಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿದಾಗ ಪಿಷ್ಟವು ನೀರನ್ನು ಹೀರಿ ಉಬ್ಬಿ ಜಿಗಿ ಪಡೆಯುತ್ತದೆ. ರೊಟ್ಟಿ ತಟ್ಟಲು ಬರುವುದು ಆ ಜಿಗಿಯ ಬಲದಿಂದಲೇ. ಬೆಂದ ರೊಟ್ಟಿ ಆರುತ್ತಿದ್ದಂತೆ ಪಿಷ್ಟವು ನೀರನ್ನು ಬಿಟ್ಟುಕೊಟ್ಟು ಮತ್ತೆ ಗಟ್ಟಿಯಾಗತೊಡಗುತ್ತದೆ. ಈ ಕ್ರಿಯೆ ಅತ್ಯಂತ ವೇಗವಾಗಿ ನಡೆಯುವುದು ಫ್ರಿಜ್ಜಿನ ಒಳಗಿನ ತಂಪಿನಲ್ಲಿ. ಅಂದರೆ ಮೆತ್ತಗೆ ಉಳಿಯಲೆಂದು ಒಳಗಿಟ್ಟ ರೊಟ್ಟಿ, ಹೊರಗಿದ್ದುದಕ್ಕಿಂತ ಬೇಗನೆ ಬಿರುಸಾಗುತ್ತದೆ. ಬೂಷ್ಟು ಬರುವುದು ತಡವಾಗುತ್ತದೆ, ನಿಜ. ತಾಜಾತನ ಮಾತ್ರ ಉಳಿಯುವುದಿಲ್ಲ. ಮೆತ್ತನೆಯ ರೊಟ್ಟಿಯನ್ನು ಕೆಲವು ದಿನ ಇಡಲೇಬೇಕಾದ ಮನೆಯವರು ಅದನ್ನು ಪೂರ್ಣ ಆರಿಸಿ, ಗಾಳಿಯಾಡದಂತೆ ಸುತ್ತಿ, ಮಂಜುಗಟ್ಟುವ ಮೇಲಿನ ಖಾನೆಯಲ್ಲಿಡುವುದು ಲೇಸು. ಬೇಕಾದಾಗ ನೀರು ಚಿಮುಕಿಸಿ ಹಂಚಿನ ಮೇಲೆ ಬಿಸಿ ಮಾಡಿದರೆ ಗಟ್ಟಿಯಾದ ಪಿಷ್ಟ ಬಹುಪಾಲು ಮತ್ತೆ ಸಡಿಲಗೊಳ್ಳುತ್ತದೆ.

ಹಳಬರು ಈ ಸಮಸ್ಯೆಯನ್ನು ಬೇರೊಂದು ದಾರಿಯಿಂದ ಬಿಡಿಸಿದ್ದರು. ಅವರು ತೇವವನ್ನು ಕಾಪಾಡಲು ಹೋಗಲಿಲ್ಲ, ತೇವವನ್ನೇ ತೆಗೆದುಹಾಕಿದರು. ತೆಳ್ಳಗೆ ತಟ್ಟಿ ಹಂಚಿನ ಮೇಲೆ ಬೇಯಿಸಿದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿದರೆ ಕೆಂಡದ ಕಾವಿಗೆ ಅದು ಹಪ್ಪಳದಂತೆ ಗರಿಯಾಗುತ್ತದೆ. ನೀರಿಲ್ಲದ ಕಡೆ ಬೂಷ್ಟಿಗೆ ಬದುಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ಮುಂಚಿತವಾಗಿಯೇ ರೊಟ್ಟಿ ಬಡಿದು ಬಂಡಿಗಳಲ್ಲಿ ಕಳುಹಿಸುತ್ತಾರೆ. ದಾಸೋಹಕ್ಕೆಂದು ಲಕ್ಷಗಟ್ಟಲೆ ರೊಟ್ಟಿ ರಾಶಿಯಾಗುತ್ತದೆ. ಅಲ್ಲಿ ಯಾವ ಶೀತಯಂತ್ರವೂ ಬೇಕಾಗುವುದಿಲ್ಲ. ಆದರೆ ಒಂದು ಮಾತನ್ನು ಮರೆಯಲಾಗದು: ಆ ಜಾತ್ರೆ ನಡೆಯುವುದು ಜನವರಿಯ ಒಣ ಚಳಿಯಲ್ಲಿ.

ಹೈದರಾಬಾದಿನ ಬೇಸಗೆಯೂ ಒಣದೇ. ಬುಟ್ಟಿಗೆ ಅದರಿಂದ ಭಯವಿಲ್ಲ. ಜುಲೈಯಿಂದ ಸೆಪ್ಟೆಂಬರಿನವರೆಗಿನ ಕಥೆ ಬೇರೆ. ಆಗಿನ ಗಾಳಿಯಲ್ಲಿ ಖಡಕ್ ರೊಟ್ಟಿ ಒಂದು ರಾತ್ರಿಯಲ್ಲಿ ಮೆತ್ತಗಾಗುತ್ತದೆ. ತೇವ ಹೀರಿದೆ ಎಂಬುದಕ್ಕೆ ಅದೇ ಗುರುತು. ಆ ತಿಂಗಳುಗಳಲ್ಲಿ ಬಟ್ಟೆ ಹಾಸಿದ ಬುಟ್ಟಿಗಿಂತ ಬಿಗಿ ಮುಚ್ಚಳದ ಡಬ್ಬಿ ಮೇಲು, ಒಳಗಿಡುವ ರೊಟ್ಟಿ ಪೂರ್ಣ ಆರಿರಬೇಕಷ್ಟೆ. ಬಿಸಿ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಚೀಲದಲ್ಲಿ ಬಿಗಿಯುವವರು ರೊಟ್ಟಿಯ ಬೆವರಿನಲ್ಲೇ ರೊಟ್ಟಿಯನ್ನು ನೆನೆಸುತ್ತಾರೆ.

ಹಾಗೆ ನೆನೆದ ರೊಟ್ಟಿಯ ಮೇಲೆ ಹಸಿರು ಚುಕ್ಕೆ ಕಂಡಾಗ ಏನು ಮಾಡಲಾಗುತ್ತದೆ? ಅನ್ನವನ್ನು ಚೆಲ್ಲಬಾರದೆಂದು ಬೆಳೆದ ಹಿರಿಯರು ಚುಕ್ಕೆಯನ್ನು ಕೆರೆದು, ಉಳಿದುದನ್ನು ಸುಟ್ಟು ತಿನ್ನುತ್ತಾರೆ. ಅವರ ಭಾವನೆ ಗೌರವಾರ್ಹ, ಕ್ರಮ ಮಾತ್ರ ಅಪಾಯಕರ. ಕಣ್ಣಿಗೆ ಕಾಣುವ ಚುಕ್ಕೆಗಿಂತ ಆಚೆಗೂ ಬೂಷ್ಟಿನ ಎಳೆಗಳು ಹರಡಿರುತ್ತವೆ. ಕೆಲವು ಬೂಷ್ಟುಗಳು ಹುಟ್ಟಿಸುವ ವಿಷ ಒಲೆಯ ಕಾವಿಗೆ ನಾಶವಾಗುವುದಿಲ್ಲ. ಯಾವುದು ವಿಷದ್ದು, ಯಾವುದು ಅಲ್ಲ ಎಂಬುದನ್ನು ಅಡುಗೆಮನೆಯಲ್ಲಿ ನೋಡಿ ಹೇಳಲಾಗದು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ರೋಗದಿಂದ ಸತ್ತರು. 1995ರಲ್ಲಿ ದಖನ್ನಿನ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಗೋವಿನ ಜೋಳಗಳನ್ನು ಉಂಡವರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಇವೆರಡನ್ನೂ ಪರಿಶೀಲಿಸಿದುದು ಇದೇ ನಗರದ ರಾಷ್ಟ್ರೀಯ ಪೋಷಣ ಸಂಸ್ಥೆ. ಕೆಟ್ಟ ಕಾಳನ್ನು ಅಂದು ಉಂಡವರು ಬಡವರು, ಬೇರೆ ಕಾಳು ಇಲ್ಲದವರು.

ಆದುದರಿಂದಲೇ ನಗರದ ಮನೆಗಳಲ್ಲಿ ಕಂಡುಬರುವ ಒಂದು ರೂಢಿ ಹೆಚ್ಚು ಖಂಡನೀಯ. ಮನೆಮಂದಿ ತಿನ್ನಲು ಹಿಂಜರಿಯುವ, ವಾಸನೆ ತಿರುಗಿದ ರೊಟ್ಟಿಯನ್ನು ಪಾತ್ರೆ ತೊಳೆಯುವ ಹೆಂಗಸಿನ ಸೆರಗಿಗೆ ಹಾಕಿ ಪುಣ್ಯ ಬಂತೆಂದು ತಿಳಿಯುವವರಿದ್ದಾರೆ. ಆಕೆಯ ಮನೆಯಲ್ಲಿಯೂ ಮಕ್ಕಳಿದ್ದಾರೆ. ಕೊಡುವ ಮನಸ್ಸಿದ್ದರೆ ಬೆಳಗಿನ ಬಿಸಿ ರೊಟ್ಟಿಯಲ್ಲಿ ಎರಡನ್ನು ಕೊಡಬಹುದು. ಬೂಷ್ಟು ಬಂದುದನ್ನು ದನಕ್ಕೂ ಹಾಕಬಾರದು.

ಅಮೆರಿಕದಿಂದ ಬಂದ ಸೊಸೆಯಂದಿರು ಗೋವಿನ ಜೋಳದ ಹಿಟ್ಟಿಗೆ ಹಾಲು, ಮೊಟ್ಟೆ ಬೆರೆಸಿ ಬ್ರೆಡ್ಡು ಮಾಡುವುದೂ ಈಗ ಕೆಲವು ಮನೆಗಳಲ್ಲಿ ಉಂಟು. ಅದರಲ್ಲಿ ತೇವ ಹೆಚ್ಚು. ಖಡಕ್ ರೊಟ್ಟಿಯ ಆಯುಷ್ಯವನ್ನು ಅದರಿಂದ ನಿರೀಕ್ಷಿಸುವುದು ಅನ್ಯಾಯ. ಎರಡು ದಿನದಲ್ಲಿ ಮುಗಿಯುವಷ್ಟೇ ಮಾಡಬೇಕು, ಇಲ್ಲವೇ ತುಂಡರಿಸಿ ಮಂಜಿನ ಖಾನೆಗೆ ಸೇರಿಸಬೇಕು.

ಇನ್ನು ಹಿಟ್ಟು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ. ತಟ್ಟುವಾಗಲೇ ಅಂಚು ಬಿರಿಯುತ್ತದೆ. ಸಜ್ಜೆಯಲ್ಲಿ ಕೊಬ್ಬು ಹೆಚ್ಚಾದ ಕಾರಣ ಅದರ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುವವರು ಹಬ್ಬಕ್ಕೆ ಎರಡು ದಿನ ಮುಂಚೆ ಗಿರಣಿಗೆ ಹೋಗಲಿ. ಜೋಳವನ್ನು ಕಾಳಾಗಿಯೇ ಇಟ್ಟುಕೊಂಡು ವಾರಕ್ಕೆ ಬೇಕಾದಷ್ಟನ್ನೇ ಬೀಸಿಸಿದರೆ, ರೊಟ್ಟಿಯನ್ನು ಕಾಪಾಡುವ ಅರ್ಧ ಕೆಲಸ ಒಲೆ ಹೊತ್ತಿಸುವ ಮೊದಲೇ ಮುಗಿದಿರುತ್ತದೆ.